ನೀನು ಯಾರ ಕೈ?

ಟಾಲಿವರ್ ಅಖಾಡ,
ಬ್ರಾಜೋಸ್ ನದಿಯ ದಂಡೆ, ಟೆಕ್ಸಸ್.
ಜೂನ್ ತಿಂಗಳ ಕೊನೆಯ ಮಂಗಳವಾರ.

ಪ್ರೀತಿಯ ಮಿಸ್ ವರ್ಲೀನ್ ಅವರಿಗೆ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮ ತಂಗಿ ಮಿಸ್ ಆಲ್ಬರ್ಟೀನ್ ಅವರೇ ಎತ್ತಿಕೊಂಡರು. ಮೂರನೆಯ ಸಲ ಅವರಿಗೆ ನನ್ನ ಮೇಲೆ ಕನಿಕರ ಬಂತೋ ಬೇಜಾರಾಯಿತೋ, ಒಳಗೆ ಹೋಗಿ ನಿಮ್ಮನ್ನು ಕೇಳಿಕೊಂಡು ಬಂದು, "ಅಕ್ಕ ಫೋನಿಗೆ ಬರಲ್ವಂತೆ ಕಣಮ್ಮ. ಏನಿದ್ರೂ ಬರೆದು ಕಳಿಸ್ಲಿ, ಓದೋಕೆ ಕಣ್ಣು ಇನ್ನೂ ಇದೆ ಅಂದ್ಲು" ಅಂದರು. ಹಿಂದುಗಡೆ ನಿಮ್ಮ ದನಿ ಕೇಳಿಸಿತು. ಟೀವಿ ಸಣ್ಣಗೆ ಮಾಡು ಅಂತ ಯಾರಿಗೋ ಗದರುತ್ತಿದ್ದಿರಿ. ಒಂಬತ್ತು ವರ್ಷದ ಮೇಲೆ ಕೇಳಿದ ದನಿ. ಅಷ್ಟು ಕೇಳಿಸಿಕೊಂಡು, ಸರಿ ಅಂತ ಹೇಳಿ ಫೋನ್ ಇಟ್ಟೆ.

ಬರೆಯಲು ಕೂತು ಅರ್ಧ ಗಂಟೆ ಪೆನ್ನು ಹಿಡಿದುಕೊಂಡೇ ಇದ್ದೆ, ನಿಮ್ಮನ್ನು ಏನಂತ ಕರೆಯಲಿ ಅಂತ ತಿಳಿಯದೆ. ನಮ್ಮಲ್ಲಿ ದೊಡ್ಡವರ ಹೆಸರಿಗೆ 'ಮಿಸ್' ಸೇರಿಸದೆ ಕರೆದರೆ ಮಕ್ಕಳ ಬೆನ್ನು ಮುರಿಯುತ್ತಿದ್ದರು, ಅದು ಸರಿ. ಆದರೆ ಒಂದೇ ಸೂರಿನಡಿ, ಒಂದೇ ಮೇಜಿನಲ್ಲಿ ಉಂಡುಕೊಂಡು ಅಷ್ಟು ವರ್ಷ 'ಮಿಸ್ ವರ್ಲೀನ್' ಅಂತಲೇ ಕರೆದೆನಲ್ಲ, ಅದರಲ್ಲಿ ಮರ್ಯಾದೆ ಎಷ್ಟಿತ್ತು, ಬೇಲಿ ಎಷ್ಟಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈಗ ಐವತ್ತೆರಡರಲ್ಲಿ ಬದಲಾಯಿಸಿ 'ಅಮ್ಮ' ಅನ್ನಲಾರೆ. ಅಮ್ಮ ಅಂತ ಒಬ್ಬಳು ಇದ್ದಳು, ನನಗೆ ಒಂಬತ್ತು ತುಂಬಿದಾಗ ತೀರಿಕೊಂಡಳು. ನೀವು ಬೇರೆ. ನೀವು ನನಗೆ ಏನು ಅನ್ನುವುದನ್ನು ಹೇಳುವುದಕ್ಕೇ ಈ ಕಾಗದ.

ಅಪ್ಪನ ನಂತರ ಅಖಾಡದಲ್ಲಿ ಸವಾರರ ಹೆಸರು ಕೂಗುವ ಮೈಕು ಹಿಡಿದು ಹಿಡಿದು ನನಗೊಂದು ಚಟ ಅಂಟಿದೆ. ಅಜ್ಜ ಪಾಪಾ ಲಾನ್ ಕತೆ ಹೇಳದೆ ಯಾವ ಮಾತನ್ನೂ ಶುರುಮಾಡಲು ಬರುವುದಿಲ್ಲ. ನೀವು ನೂರು ಸಲ ಕೇಳಿದ್ದೀರಿ, ಇನ್ನೊಂದು ಸಲ ಕೇಳಿ. ಈ ಸಲ ಹೇಳುತ್ತಿರುವ ಕಾರಣ ಬೇರೆ. ನಮ್ಮಜ್ಜ ಅಲೊಂಜೊ ಟಾಲಿವರ್ ಇಪ್ಪತ್ತೆರಡರ ಪ್ರಾಯದಲ್ಲಿ ಪಟ್ಟಣದ ರೋಡಿಯೋ ಪಂದ್ಯಕ್ಕೆ ಗೂಳಿ ಹತ್ತಲು ಹೋದರು. ಆ ಕಾಲದಲ್ಲಿ ಕರಿಯರ ಸರದಿ ಬರುತ್ತಿದ್ದುದು ಬಿಳಿಯರ ಸ್ಪರ್ಧೆಯೆಲ್ಲ ಮುಗಿದು, ಜನ ಬುಟ್ಟಿ ಕಟ್ಟಿಕೊಂಡು ಮನೆಗೆ ಹೊರಟ ಮೇಲೆ. ಖಾಲಿ ಬೆಂಚುಗಳ ಮುಂದೆ ಪಾಪಾ ಲಾನ್ ಗೂಳಿ ಹತ್ತಿದರು, ಪಂದ್ಯದ ಲೆಕ್ಕದ ಎಂಟು ಸೆಕೆಂಡು ಬೀಳದೆ ಕೂತರು, ಇಳಿದರು. ಮೈಕಿನವನು ಗೂಳಿಯ ಹೆಸರು ಕೂಗಿದ, ಅದು ಯಾರ ಕೊಟ್ಟಿಗೆಯದು ಅಂತಲೂ ಕೂಗಿದ. ಹತ್ತಿದವನ ಹೆಸರು ಕೂಗಲಿಲ್ಲ. "ಗೂಳಿಗೆ ಹೆಸರಿತ್ತು ಮಗಾ, ನಂಗಿರ್ಲಿಲ್ಲ" ಅಂತ ಕೊನೆಯವರೆಗೂ ನಗುತ್ತಾ ಹೇಳುತ್ತಿದ್ದರು. ಆ ನಗುವಿನಲ್ಲಿ ನಗು ಇರುತ್ತಿರಲಿಲ್ಲ.

ಆಮೇಲೆ ಅವರು ತಮ್ಮದೇ ನೆಲದಲ್ಲಿ, ಎಣ್ಣೆ ಬಾವಿಯವರು ಬಿಸಾಕಿದ ಕಬ್ಬಿಣದ ಕೊಳವೆಗಳನ್ನು ತಂದು ಬೆಸೆದು, ನಮ್ಮವರಿಗೆ ಅಂತ ಈ ಅಖಾಡ ಕಟ್ಟಿದರು. ಕಟ್ಟಿದ ದಿನವೇ ಒಂದು ಕಟ್ಟಳೆ ಮಾಡಿದರು. ಕುದುರೆ ಹತ್ತಿ ಗೇಟಿಗೆ ಬಂದವರು ಮೊದಲು ತಮ್ಮ ಹೆಸರು ಹೇಳಬೇಕು. ಆಗ ಮೈಕಿನಿಂದ ಪ್ರಶ್ನೆ ಬರುತ್ತದೆ: "ನೀನು ಯಾರ ಕೈ?" ಸವಾರಿ ಕಲಿಸಿದವರ ಹೆಸರು ಹೇಳಬೇಕು. ಆ ಗುರು ಎಲ್ಲಿ ಕೂತಿದ್ದರೂ ಎದ್ದು, ಕೈಯೆತ್ತಿ, "ನನ್ನ ಕೈ" ಅನ್ನಬೇಕು. ತೀರಿಕೊಂಡವರಾದರೆ ಇಡೀ ಅಖಾಡ ಒಂದೇ ದನಿಯಲ್ಲಿ "ನಮ್ಮ ಕೈ" ಅನ್ನುತ್ತದೆ. ಉತ್ತರ ಬಾರದೆ ಗೇಟು ತೆಗೆಯಕೂಡದು. ಒಮ್ಮೆ ನಮ್ಮ ಚರ್ಚಿನ ಹಿರಿಯರು ಡೀಕನ್ ಹೋಸಿಯಾ ಹುರಿದ ಮೀನು ಹೊಟ್ಟೆ ತುಂಬ ತಿಂದು ಗ್ಯಾಲರಿಯಲ್ಲಿ ನಿದ್ದೆ ಹೋಗಿದ್ದರಂತೆ. ಅವರ ಶಿಷ್ಯ ಬೆವರುವ ಕುದುರೆ ಮೇಲೆ ಕಾದದ್ದೇ ಕಾದದ್ದು. ಪಕ್ಕದವರು ಮೊಣಕೈಯಿಂದ ತಿವಿದಾಗ ಡೀಕನ್ ಧಡಕ್ಕನೆ ಎದ್ದು "ಆಮೆನ್" ಅಂದರಂತೆ. ಅದು ಉತ್ತರವಾಯಿತೋ ಇಲ್ಲವೋ ಅಂತ ಪಾಪಾ ಲಾನ್ ಟೋಪಿ ತೆಗೆದು ತಲೆ ಕೆರೆದುಕೊಂಡು, ಆಮೆನ್ ಅಂದರೂ ಒಪ್ಪಿಗೆಯೇ ಅಂತ ತೀರ್ಪು ಕೊಟ್ಟು ಗೇಟು ತೆಗೆಸಿದರಂತೆ. ಅಷ್ಟು ಕಟ್ಟುನಿಟ್ಟು.

ನೀವು ಬಂದದ್ದು ಒಂದು ಫೆಬ್ರವರಿಯಲ್ಲಿ. ಹಿರಿಯರು ದನ ಹೊಡೆದುಕೊಂಡು ಹೋಗುತ್ತಿದ್ದ ಹಾದಿಯಲ್ಲೇ, ಕುದುರೆ ಬಂಡಿಗಳಲ್ಲಿ ಏಳು ದಿನ ಹ್ಯೂಸ್ಟನ್‌ಗೆ ಹೋಗುವ ನಮ್ಮ ಪಯಣಕ್ಕೆ ಆ ವರ್ಷ ಲೂಸಿಯಾನಾದಿಂದ ನಿಮ್ಮಪ್ಪನ ಬಂಡಿಯೂ ಸೇರಿತ್ತು. ನಮ್ಮ ಗೇಟಿನ ಎದುರಿಗೇ ಅದರ ಚಕ್ರ ಕಳಚಿತು. ಹೆಂಡತಿ ಸತ್ತ ಎರಡು ವರ್ಷದಿಂದ ಮೊಟ್ಟೆ ಬಿಟ್ಟು ಬೇರೇನೂ ಬೇಯಿಸಿ ಗೊತ್ತಿಲ್ಲದ ನಮ್ಮಪ್ಪ ಕ್ಲಿಯೋಫಸ್ ಸಹಾಯಕ್ಕೆ ಓಡಿದರು, ಹಿಂದೆ ನಾನು. ನೀವು ಬಂಡಿಯ ಕೆಳಗೆ ಅಂಗಾತ ಮಲಗಿದ್ದಿರಿ, ಕಾಣುತ್ತಿದ್ದುದು ಬೂಟು ಮಾತ್ರ. ಪಾನಾ ಕೇಳಿದಿರಿ. ಅಪ್ಪ ಕೊಟ್ಟರು. "ಇದಲ್ಲ ರೀ, ಇದರಣ್ಣ" ಅಂತ ಕೆಳಗಿನಿಂದ ಬಂತು. ಅಪ್ಪ ಮೂರು ಸಲ ತಪ್ಪು ಪಾನಾ ಕೊಟ್ಟರು. ಬೇಕು ಅಂತಲೇ ಕೊಟ್ಟೆ ಅಂತ ಆಮೇಲೆ ಜಂಬ ಕೊಚ್ಚಿಕೊಳ್ಳುತ್ತಿದ್ದರು, ಅದನ್ನು ನೀವು ಎಂದೂ ನಂಬಲಿಲ್ಲ. ಮುಂದಿನ ಫೆಬ್ರವರಿಗೆ ನೀವು ಅಪ್ಪನನ್ನು ಮದುವೆಯಾಗಿ ನಮ್ಮ ಮನೆಯಲ್ಲಿದ್ದಿರಿ.

ಆಗ ನನಗೆ ಹನ್ನೆರಡು. ಟಾಲಿವರ್ ಮನೆಯ ಹುಡುಗಿ, ಕುದುರೆ ಹತ್ತಲು ಬಾರದು. ಊರಲ್ಲಿ ಇದನ್ನು ನಗದೆ ಹೇಳಿದವರಿಲ್ಲ. ನಮ್ಮಮ್ಮ ಡೊರೇಥಾಗೆ ಕುದುರೆ ಅಂದರೆ ಪ್ರಾಣಭಯ. ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ ಬಾಳಿದರೂ ಅಖಾಡದ ಗೇಟಿನ ಒಳಗೆ ಒಂದು ಹೆಜ್ಜೆ ಇಟ್ಟವಳಲ್ಲ. ಕುದುರೆಗೆ ಸಕ್ಕರೆ ಕೊಡಬೇಕಾದರೂ ಅಡುಗೆಮನೆಯ ಇಕ್ಕಳದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ಕೊಡುತ್ತಿದ್ದಳು. ಆ ಭಯವನ್ನು ನನಗೂ ಎದೆಹಾಲಿನ ಜೊತೆ ಕುಡಿಸಿದ್ದಳು. ಅವಳು ಹೋದ ಮೇಲೆ ಆ ಭಯ ಬಿಟ್ಟರೆ ಅವಳದ್ದು ಅಂತ ನನ್ನ ಬಳಿ ಹೆಚ್ಚೇನೂ ಉಳಿದಿರಲಿಲ್ಲ, ಅದಕ್ಕೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನೀವು ಅದನ್ನು ಬಿಡಿಸಿದ್ದು ಹೇಗೆ ಅಂತ ನೆನಪಿದೆಯೇ? ಬಾ ಅನ್ನಲಿಲ್ಲ, ಹೆದರಬೇಡ ಅನ್ನಲಿಲ್ಲ. ಸಿರಪ್ ಅನ್ನುವ ಆ ಕಂದು ಹೆಣ್ಣುಕುದುರೆಯ ಮೈ ಉಜ್ಜುವ ಕೆಲಸ ಕೊಟ್ಟಿರಿ. ಒಂದು ತಿಂಗಳು ಬರೀ ಉಜ್ಜಿದೆ. ಆಮೇಲೆ ಒಂದು ದಿನ ನನಗೇ ಬೇಜಾರಾಗಿ, ಹತ್ತಲಾ ಅಂತ ಕೇಳಿದೆ. ಅಷ್ಟು ಹೊತ್ತಿಗೆ ನೀವು ಜೀನು ಹಿಡಿದುಕೊಂಡು ನಿಂತಾಗಿತ್ತು. ನನ್ನ ಹಿಂದೆ ಹತ್ತಿ ಕೂತು, ಲಗಾಮು ಹಿಡಿದ ನನ್ನ ಕೈಗಳ ಮೇಲೆ ನಿಮ್ಮ ಕೈಗಳನ್ನಿಟ್ಟಿರಿ. ಒರಟು ಕೈ, ಕರ್ಪೂರದೆಣ್ಣೆಯ ವಾಸನೆ. ನಾನು ಭಯಕ್ಕೆ ಜಗ್ಗಿದಾಗಲೆಲ್ಲ ಕಿವಿಯ ಹತ್ತಿರ, "ಅದು ಅವಳ ಬಾಯಿ ಕಣೆ, ಬಾವಿ ಹಗ್ಗ ಅಲ್ಲ" ಅನ್ನುತ್ತಿದ್ದಿರಿ. ಮುಂದೆ ಚರ್ಚಿನ ಬೀಸಣಿಗೆಯ ರಟ್ಟನ್ನು ನನ್ನ ಮೊಣಕಾಲಿಗೂ ಕುದುರೆಯ ಹೊಟ್ಟೆಗೂ ನಡುವೆ ಸಿಕ್ಕಿಸಿದಿರಿ. ಅದು ಬಿದ್ದರೆ ಮತ್ತೆ ಮೊದಲಿನಿಂದ. ಭಾನುವಾರ ಚರ್ಚಿನಲ್ಲಿ ಬೀಸಣಿಗೆ ಸಾಲದೆ ಪಾದ್ರಿ ಬೆವರುತ್ತಿದ್ದರು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಿದ್ದೆವು. ಐದು ವರ್ಷ, ಬೆಳಿಗ್ಗೆ ಐದೂವರೆಗೆ ನನ್ನ ಬಾಗಿಲು ತಟ್ಟುವ ಸದ್ದು ಒಂದು ದಿನವೂ ತಪ್ಪಲಿಲ್ಲ.

ಈಗ ಆ ಶನಿವಾರ. ನಮ್ಮವರು ಗುಲಾಮಗಿರಿಯಿಂದ ಬಿಡುಗಡೆಯಾದ ಜೂನ್ ಹತ್ತೊಂಬತ್ತರ ಹಬ್ಬ, ನನಗೆ ಹದಿನೇಳು. ಮೂರು ಪೀಪಾಯಿ ಸುತ್ತಿ ಬರುವ ಹೆಣ್ಣುಮಕ್ಕಳ ಓಟದಲ್ಲಿ ನನ್ನ ಮೊದಲ ಸಲ. ಗ್ಯಾಲರಿ ಕಿಕ್ಕಿರಿದಿತ್ತು, ಎಲ್ಲರ ನಾಲಿಗೆಯೂ ಕೆಂಪು ಸೋಡಾ ಕುಡಿದು ಕೆಂಪಾಗಿತ್ತು. ಅಮ್ಮನ ತಾಯಿ ಬಂದಿದ್ದರು. ನಿಮ್ಮ ಮದುವೆಯಾದ ಮೇಲೆ ನಮ್ಮ ಗೇಟಿನ ಕಡೆ ತಲೆ ಹಾಕದಿದ್ದ ಅಜ್ಜಿ, ಕಪ್ಪು ಟೋಪಿ ಹಾಕಿಕೊಂಡು ಮುಂದಿನ ಸಾಲಲ್ಲೇ ಕೂತಿದ್ದರು. ಹಿಂದಿನ ಭಾನುವಾರ ಚರ್ಚಿನ ಹೊರಗೆ ಯಾರೋ ಹೆಂಗಸರು, ಪಾಪ ಡೊರೇಥಾ ಹೆಸರು ಎತ್ತೋರೇ ಇಲ್ಲ ಈಗ ಆ ಮನೇಲಿ, ಅಂತ ನನಗೆ ಕೇಳಿಸುವ ಹಾಗೆ ಆಡಿಕೊಂಡಿದ್ದರು. ಮೂವತ್ತೈದು ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು: ಅಜ್ಜಿಗಾಗಿ ಹೇಳಿದೆ, ಅಮ್ಮನ ಹೆಸರು ಅಳಿಸಿಹೋಗದಿರಲಿ ಅಂತ ಹೇಳಿದೆ.

ಅದು ಅರ್ಧ ನಿಜ. ಉಳಿದರ್ಧ ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ಗೇಟಿನ ಅಗುಳಿ ಹಿಡಿದು ನಿಂತಿದ್ದವರು ನೀವು. ಮೈಕಿನಲ್ಲಿ ಅಪ್ಪ "ನೀನು ಯಾರ ಕೈ?" ಅಂದಾಗ ನಾನು ನಿಮ್ಮ ಕಡೆ ನೋಡಿದೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಆಗಲೇ ನಿಮ್ಮ ಬಲಗೈ ಅರ್ಧ ಎದ್ದಿತ್ತು. ಅಷ್ಟು ಖಾತ್ರಿ ಇತ್ತು ನಿಮಗೆ. ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಹಿಗ್ಗು. ಆ ಖಾತ್ರಿ ನನಗೆ ಮುಳ್ಳಿನ ಹಾಗೆ ಚುಚ್ಚಿತು. ಇವರಿಗೆ ಅಪ್ಪ ಸಿಕ್ಕಿದರು, ಅಡುಗೆಮನೆ ಸಿಕ್ಕಿತು, ಈಗ ನಾನೂ ಸಿಕ್ಕಿದೆ ಅಂತ ಲೆಕ್ಕವೇ, ಅಂದುಕೊಂಡೆ. ಹದಿನೇಳರ ಕೊಬ್ಬು. "ಡೊರೇಥಾ ಟಾಲಿವರ್" ಅಂದೆ.

ಇಕ್ಕಳದಲ್ಲಿ ಸಕ್ಕರೆ ತಿನ್ನಿಸುತ್ತಿದ್ದ ಡೊರೇಥಾ ಸವಾರಿ ಕಲಿಸಿದಳೇ? ಎಲ್ಲರಿಗೂ ಗೊತ್ತು ಸುಳ್ಳು ಅಂತ. ಆದರೆ ಸತ್ತವಳ ಹೆಸರು, ಸತ್ತವಳ ಮಗಳ ಬಾಯಲ್ಲಿ. ಯಾರು ಬೇಡ ಅಂದಾರು? ಇಡೀ ಅಖಾಡ "ನಮ್ಮ ಕೈ" ಅಂತು. ಎದ್ದಿದ್ದ ನಿಮ್ಮ ಕೈ ಅಲ್ಲಿಂದಲೇ ಮೇಲಕ್ಕೆ ಹೋಗಿ ಹ್ಯಾಟು ಸರಿಮಾಡಿಕೊಂಡಿತು, ಅದಕ್ಕೇ ಎತ್ತಿದ್ದು ಅನ್ನುವ ಹಾಗೆ. ಆಮೇಲೆ ನಿಮ್ಮ ತುಟಿಯೂ ಅಲುಗಿತು. ಎಲ್ಲರ ಜೊತೆ ನೀವೂ "ನಮ್ಮ ಕೈ" ಅಂದಿರಿ. ಅಂದು, ಗೇಟು ತೆಗೆದಿರಿ.

ಅವತ್ತು ನಾನೇ ಗೆದ್ದೆ. ಬಹುಮಾನದ ಆ ಬೆಳ್ಳಿ ಬಕಲ್ ಹಾಕಿದ ಬೆಲ್ಟನ್ನು ಎಷ್ಟೋ ವರ್ಷ ಸೊಂಟಕ್ಕೆ ಬಿಗಿದುಕೊಂಡು ತಿರುಗಿದೆ. ನೀವು ಸಿರಪ್‌ಳನ್ನು ನಡೆಸಿ ತಣ್ಣಗೆ ಮಾಡಿ, ಕಾಲು ತೊಳೆದು, ಮನೆಗೆ ಬಂದು ಅಜ್ಜಿಗೂ ಊಟ ಬಡಿಸಿದಿರಿ. ಮಾರನೆಯ ದಿನ ಇನ್ನು ಬಾಗಿಲು ತಟ್ಟುವುದಿಲ್ಲ ಅಂದುಕೊಂಡು ಎಚ್ಚರವಾಗಿಯೇ ಮಲಗಿದ್ದೆ. ಐದೂವರೆಗೆ ಸರಿಯಾಗಿ ತಟ್ಟಿದಿರಿ. "ಎರಡನೇ ಪೀಪಾಯಿ ಹತ್ರ ಎಡಭುಜ ಇಳಿಸ್ತೀಯ. ಎದ್ದೇಳು" ಅಂದಿರಿ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಮಿಸ್ ವರ್ಲೀನ್. ಒಂದು ಏಟು ಕೊಟ್ಟಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ. ಆ ಮಾತನ್ನು ನೀವು ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ.

ಆದರೆ ಅದಾದ ಮೇಲೆ ನೀವು ಇನ್ನೊಬ್ಬರಿಗೆ ಕಲಿಸಲಿಲ್ಲ. ಮಕ್ಕಳನ್ನು ಕರೆದುಕೊಂಡು ಎಷ್ಟು ಜನ ಬಂದರು, ಎಲ್ಲರಿಗೂ ಒಂದೇ ಉತ್ತರ: "ನನ್ನ ಕೈ ಅಷ್ಟಕ್ಕಷ್ಟೇ ಕಣ್ರಮ್ಮ, ಬೇರೆಯವರನ್ನ ನೋಡ್ಕೊಳಿ." ಜನ ಅದನ್ನು ನಿಮ್ಮ ಸೌಜನ್ಯ ಅಂದುಕೊಂಡರು. ನನಗೆ ಮಾತ್ರ ಅರ್ಥ ಆಗುತ್ತಿತ್ತು. ಹಾಗಾಗಿ ಈ ಅಖಾಡದಲ್ಲಿ ಇವತ್ತಿನವರೆಗೆ ನಿಮ್ಮ ಹೆಸರು ಹೇಳಿ ಗೇಟು ದಾಟಿದವರು ಒಬ್ಬರೂ ಇಲ್ಲ. ಗೂಳಿಗೆ ಹೆಸರಿತ್ತು, ನನಗಿರಲಿಲ್ಲ ಅಂದರಲ್ಲ ಪಾಪಾ ಲಾನ್. ಊರು ಅವರಿಗೆ ಏನು ಮಾಡಿತ್ತೋ ಅದನ್ನೇ ನಾನು ನಿಮಗೆ ಮಾಡಿದೆ. ಅದೂ ಇಂಥದ್ದು ಇನ್ನು ಯಾರಿಗೂ ಆಗದಿರಲಿ ಅಂತ ಅವರೇ ಕಟ್ಟಿದ ಗೇಟಿನಲ್ಲಿ. ಮೈಕಿನಲ್ಲಿ ಆ ಕತೆ ಹೇಳುವಾಗಲೆಲ್ಲ ಜನ ಕಣ್ಣೊರೆಸಿಕೊಳ್ಳುತ್ತಾರೆ, ನಾನು ನೀರು ಕುಡಿಯುವ ನೆಪದಲ್ಲಿ ಮೈಕು ಪಕ್ಕಕ್ಕಿಡುತ್ತೇನೆ.

ಅಪ್ಪ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಹೀಗೇ ಸುಮ್ಮನೆ ಮಲಗಿದ್ದವರು, "ಅವತ್ತು ಮೈಕು ನನ್ನ ಕೈಲಿತ್ತು ವೀನಿ. ಇನ್ನೊಂದ್ಸಲ ಹೇಳು ಮಗಾ ಅಂತ ಕೇಳ್ಬಹುದಿತ್ತು. ಕೇಳ್ಲಿಲ್ಲ ನಾನು" ಅಂದರು. ಯಾವತ್ತು ಅಂತ ನಾನು ಕೇಳಲಿಲ್ಲ. ಆಗ ನೀವು ಪಕ್ಕದ ಕೋಣೆಯಲ್ಲಿ ಅವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಿರಿ. ಕೇಳಿಸಿತೋ ಏನೋ, ಇಸ್ತ್ರಿಯ ಸದ್ದು ಸ್ವಲ್ಪ ಹೊತ್ತು ನಿಂತಿತ್ತು.

ಅಪ್ಪನನ್ನು ಮಣ್ಣು ಮಾಡಿ ಮೂರು ವಾರಕ್ಕೆ ನೀವು ತಂಗಿಯ ಮನೆಗೆ ಹೊರಟು ಟ್ರಕ್ಕಿಗೆ ಸಾಮಾನು ಏರಿಸಿದಿರಿ. ಎರಡು ಪೆಟ್ಟಿಗೆ, ನಿಮ್ಮ ಜೀನು, ಅಷ್ಟೇ. ನಾನು ಜಗಲಿಯಲ್ಲಿ ನಿಂತಿದ್ದೆ. 'ಇರಿ' ಅನ್ನುವುದು ಎರಡಕ್ಷರ. ಅದು ಬಾಯಿಗೆ ಬರಲಿಲ್ಲ, ದಾರಿಯಲ್ಲಿ ಹುಷಾರು ಅಂದೆ. ನೀವು ಕಿಟಕಿಯ ಗಾಜಿಳಿಸಿ, "ಕುದುರೆಗಳಿಗೆ ಹುಳದ ಔಷಧಿ ಹಾಕೋದಿದೆ ಈ ತಿಂಗಳು, ಮರೀಬೇಡ" ಅಂದಿರಿ. ನಾನು ಕರೆಯಲಿ ಅಂತ ಗಾಜು ಇಳಿಸಿದ್ದಿರೋ ಏನೋ. ಆ ಯೋಚನೆ ಬಂದದ್ದು ಟ್ರಕ್ಕು ತಿರುವು ದಾಟಿ ಧೂಳು ಕೂತ ಮೇಲೆ.

ಒಂಬತ್ತು ವರ್ಷ ನಿಮಗಾಗಿ ಹಂಬಲಿಸಿದ್ದೇನೆ. ಬಾಯಿಬಿಟ್ಟು ಹೇಳುತ್ತೇನೆ, ಇನ್ನು ನಾಚಿಕೆ ಯಾತಕ್ಕೆ. ಫೆಬ್ರವರಿ ಪಯಣದಲ್ಲಿ ಜುಮುರು ಮಳೆ ಹಿಡಿದಾಗ ನೀವು ಆ ಹಳದಿ ಮಳೆಕೋಟು ತೊಟ್ಟು ಎಲ್ಲರಿಗಿಂತ ಮುಂದಿರುತ್ತಿದ್ದಿರಿ, ಹಿಂದಿನ ಬಂಡಿಗಳಿಗೆಲ್ಲ ಅದೇ ಗುರುತು. ಈಗ ಪೇಟೆಯಿಂದ ಬರುವ ಹುಡುಗಿಯರೂ ಹಳದಿ ಕೋಟು ಹಾಕುತ್ತಾರೆ. ಪ್ರತಿ ವರ್ಷವೂ ಒಬ್ಬರ ಹಿಂದೆ ಕುದುರೆ ಓಡಿಸಿಕೊಂಡು ಹೋಗಿ, ಮುಖ ನೋಡಿ, ದಾರಿ ಕೇಳಿದ ಹಾಗೆ ಮಾಡಿ ವಾಪಸು ಬರುತ್ತೇನೆ. ತನ್ನದೇ ಊರಿನ ದಾರಿ ಕೇಳುತ್ತಾಳೆ ಈ ಮುದುಕಿ ಅಂತ ನಗುತ್ತಾರೆ. ಬೆಳಿಗ್ಗೆ ಐದೂವರೆಗೆ ಇವತ್ತಿಗೂ ತಾನಾಗಿ ಎಚ್ಚರವಾಗುತ್ತದೆ, ಬಾಗಿಲ ಕಡೆ ಕಿವಿಗೊಟ್ಟು ಮಲಗಿರುತ್ತೇನೆ.

ಹಾಗಾದರೆ ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ನೀವು ಕೇಳಬಹುದು. ನಾನು ಕಿತ್ತುಕೊಂಡದ್ದು ಏನು ಅಂತ ನನಗೇ ಪೂರಾ ತಿಳಿದಿರಲಿಲ್ಲ. ಹೋದ ಏಪ್ರಿಲ್‌ನಲ್ಲಿ ತಿಳಿಯಿತು. ಶಾಲಾ ಬಸ್ಸು ಓಡಿಸುವ ಟ್ವೈಲಾ ಅಂತ ಒಬ್ಬಳಿದ್ದಾಳೆ, ನಲವತ್ತರ ಹತ್ತಿರದವಳು, ಗಂಡ ಬಿಟ್ಟ ಮೇಲೆ ಕುದುರೆ ಕಲಿಯಬೇಕು ಅಂತ ಹಟ ಹಿಡಿದು ನನ್ನ ಬಳಿ ಬಂದಳು. ಎರಡು ವರ್ಷ ಕಲಿಸಿದೆ. ನಾನು ಕಲಿಸಿದ ಮೊದಲನೆಯವಳು ಅವಳೇ. ಅವಳು ಗೇಟಿಗೆ ಬಂದಾಗ ಮೈಕಿನಲ್ಲಿ ನಾನೇ ಕೇಳಿದೆ, ನೀನು ಯಾರ ಕೈ ಅಂತ. ಅವಳು ಹೇಳಿದ ಹೆಸರು ನನ್ನದು. ಮೈಕು ಹಿಡಿದಿದ್ದ ಬಲಗೈ ಬಿಟ್ಟು ಎಡಗೈ ಎತ್ತಿ "ನನ್ನ ಕೈ" ಅಂದೆ. ನನಗೆ ಮಕ್ಕಳಿಲ್ಲ, ನಿಮಗೆ ಗೊತ್ತು. ಆ ಒಂದು ಗಳಿಗೆಯಲ್ಲಿ ಮೈಯಲ್ಲೆಲ್ಲ ಹರಿದ ಸುಖವನ್ನು ಹೇಗೆ ಹೇಳಲಿ? ಮರುಗಳಿಗೆಯೇ ನಿಮ್ಮ ನೆನಪಾಯಿತು. ಇದನ್ನೇ ನಾನು ನಿಮ್ಮಿಂದ ಕಿತ್ತುಕೊಂಡದ್ದು, ಕೈ ಅರ್ಧ ಎತ್ತಿದ್ದವರಿಂದ.

ಅವತ್ತೇ ಮನಸ್ಸು ಮಾಡಿದೆ. ಮೈಕಿನಲ್ಲಿ ನಿಂತು ನಿಮ್ಮ ಹೆಸರು ಹೇಳ್ಬಹುದಲ್ಲ ಅಂತ ಟ್ವೈಲಾ ಅಂದಳು. ಅದು ಆಗದು. ಹೆಸರು ಹೇಳಬೇಕಾದ್ದು ಕುದುರೆ ಮೇಲೆ ಕೂತು, ಮುಚ್ಚಿದ ಗೇಟಿನ ಮುಂದೆ. ಮೈಕನ್ನು ನಮ್ಮ ಚಿಕ್ಕಪ್ಪನ ಮಗ ರಾಸ್ಕೊಗೆ ಕೊಟ್ಟೆ. ಈ ವಯಸ್ಸಿನಲ್ಲಿ ಪೀಪಾಯಿ ಸುತ್ತಲು ಹೊರಟವಳನ್ನು ಅವನು ಬಿಡುತ್ತಾನೆಯೇ? ಎರಡು ತಿಂಗಳು ಬಿಡದೆ ರೇಗಿಸಿದ. ಸಿರಪ್‌ಳ ಮೊಮ್ಮಗಳು ಮೊಲಾಸಸ್ ಮೇಲೆ ಅಭ್ಯಾಸ ಮಾಡುವಾಗ ಬೇಲಿ ಮೇಲೆ ಕೂತು, ಕುದುರೆಗಿಂತ ನಿನ್ನ ಮೊಣಕಾಲಿನ ಸದ್ದೇ ಜೋರು ಅನ್ನುತ್ತಿದ್ದ. ನಿಮಗೆ ಫೋನ್ ಮಾಡಿದ್ದು ಆ ದಿನಗಳಲ್ಲೇ, ಹಬ್ಬಕ್ಕೆ ಬನ್ನಿ ಅಂತ ಕರೆಯುವುದಕ್ಕೆ. ನೀವು ಫೋನಿಗೆ ಬರಲಿಲ್ಲ. ಬರೆದು ಕಳಿಸುವಷ್ಟು ದಿನವೂ ಉಳಿದಿರಲಿಲ್ಲ, ಧೈರ್ಯವೂ ಇರಲಿಲ್ಲ. ಆದರೂ ನಾನು ಹಿಂದೆಗೆಯಲಿಲ್ಲ.

ಮೊನ್ನೆ ಹಬ್ಬದ ಶನಿವಾರ ಗೇಟಿಗೆ ಬಂದೆ. ಹೆಸರು ಹೇಳಿದೆ. ರಾಸ್ಕೊ ತಮಾಷೆ ಬಿಟ್ಟು, ಪಾಪಾ ಲಾನ್ ದನಿಯಲ್ಲೇ ಕೇಳಿದ: "ನೀನು ಯಾರ ಕೈ?"

"ವರ್ಲೀನ್ ಗಿಲ್ಲೊರಿ ಟಾಲಿವರ್" ಅಂದೆ.

ಗ್ಯಾಲರಿಯಲ್ಲಿ ಅರ್ಧಕ್ಕರ್ಧ ಜನ ನಿಮ್ಮನ್ನು ಕಂಡವರೇ ಅಲ್ಲ. ಹಳಬರಲ್ಲೂ ಎಷ್ಟೋ ಜನರಿಗೆ ನೀವು ಇದ್ದೀರೋ ಇಲ್ಲವೋ ಗೊತ್ತಿಲ್ಲ. ಯಾರೂ ಎದ್ದು ಕೈ ಎತ್ತದಿದ್ದುದನ್ನು ನೋಡಿ ತೀರಿಕೊಂಡಿರಬೇಕು ಅಂದುಕೊಂಡರು. ಹಿಂದಿನ ಸಾಲಿನಿಂದ "ನಮ್ಮ..." ಅಂತ ಶುರುವಾಯಿತು. ನಾನು ಜೀನಿನ ಮೇಲೆ ಎದ್ದು ನಿಂತು ಕಿರುಚಿದೆ: "ಬಾಯಿ ಮುಚ್ರೋ! ಬದುಕಿದ್ದಾರೆ ಅವರು. ಅವರ ಮಾತು ನೀವ್ಯಾರೂ ಆಡ್ಬೇಡಿ."

ಎಲ್ಲ ತೆಪ್ಪಗಾದರು. ಆಗ ಅಮ್ಮನ ತಂಗಿ, ನಮ್ಮ ಮೊಝೆಲ್ ಚಿಕ್ಕಮ್ಮ, ಕೋಲೂರಿಕೊಂಡು ಎದ್ದರು. "ಮತ್ತೆ ಅವತ್ತು ನಮ್ಮಕ್ಕನ ಹೆಸರು ಹೇಳಿದ್ಯಲ್ಲೇ?" ಅಂದರು. ಸುಳ್ಳು ಹೇಳಿದೆ ಚಿಕ್ಕಮ್ಮ ಅಂದೆ, ಅಷ್ಟೂ ಜನರ ಎದುರು. ಚಿಕ್ಕಮ್ಮ, "ಕುದುರೆಗೆ ಇಕ್ಕಳದಲ್ಲಿ ಸಕ್ಕರೆ ಹಿಡೀತಿದ್ದೋಳು ಅವಳು. ನಮಗೆಲ್ಲ ಗೊತ್ತಿತ್ತು ಕಣೆ. ಆ ಹೆಂಗಸು ಒಂದು ಮಾತಾಡ್ದೆ ಗೇಟು ತೆಗೀತಲ್ಲ, ನಂಗೆ ಅದೇ ಮರೆಯೋಕಾಗಿಲ್ಲ" ಅಂದು ಕೂತುಕೊಂಡರು.

ರಾಸ್ಕೊ ಮೈಕಿಗೆ ಅಂಗೈ ಅಡ್ಡ ಹಿಡಿದು, ತೆಗೆದುಬಿಡಲಾ, ಯಾರೂ ಏನೂ ಅನ್ನಲ್ಲ ಅಂತ ಕೇಳಿದ. ಬೇಡ ಅಂದೆ. ಉತ್ತರ ಬಂದಿರಲಿಲ್ಲ. ಕುದುರೆ ತಿರುಗಿಸಿಕೊಂಡು ಲಾಯಕ್ಕೆ ಬಂದು, ಜೀನು ಬಿಚ್ಚಿ, ಅವಳ ಮೈ ಉಜ್ಜಿದೆ. ಹೊರಗೆ ಮುಂದಿನವರ ಹೆಸರು ಕೂಗುತ್ತಿದ್ದರು.

ಬನ್ನಿ ಅಂತ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ. ತಿಂಗಳ ಮೂರನೆಯ ಶನಿವಾರ ನಮ್ಮಲ್ಲಿ ಓಟ ಇದ್ದೇ ಇರುತ್ತದೆ. ಜುಲೈನಲ್ಲಿ ಗೇಟಿಗೆ ಬಂದು ಇದೇ ಹೆಸರು ಹೇಳುತ್ತೇನೆ, ಆಗಸ್ಟಿನಲ್ಲೂ ಹೇಳುತ್ತೇನೆ, ಮೈಯಲ್ಲಿ ಶಕ್ತಿ ಇರುವವರೆಗೂ ಹೇಳುತ್ತೇನೆ. ಉತ್ತರ ಬಾರದಿದ್ದರೆ ವಾಪಸು ಹೋಗುತ್ತೇನೆ. ನನ್ನ ಹೆದರಿಕೆ ಒಂದೇ. ನಿಮಗೆ ಎಪ್ಪತ್ತಮೂರು. ಒಂದು ದಿನ ಮಿಸ್ ಆಲ್ಬರ್ಟೀನ್ ಅವರ ಫೋನು ಬಂದು, ಅದರ ಮುಂದಿನ ಶನಿವಾರ ಇಡೀ ಅಖಾಡ ನಿಮ್ಮ ಬದಲು ಉತ್ತರ ಹೇಳಿ, ನನ್ನ ಮುಂದೆ ಗೇಟು ತೆರೆದುಕೊಂಡುಬಿಟ್ಟರೆ? ಹಾಗೆ ತೆರೆದ ಗೇಟು ನನಗೆ ಬೇಡ.

ಒಂದು ಮಾತು ಕೊಡುತ್ತೇನೆ. ನೀವು ಬಂದು, ನಿಮ್ಮ ಹೆಸರು ನಿಮ್ಮ ಕಿವಿಯಾರೆ ಕೇಳಿ, "ಅಲ್ಲ, ಇವಳು ನನ್ನ ಕೈ ಅಲ್ಲ" ಅಂದರೂ ಸರಿಯೇ. ಅದೂ ಉತ್ತರವೇ. ಅವತ್ತು ಆ ಮಾತು ಹೇಳುವ ಜಾಗವನ್ನೂ ನಾನು ನಿಮಗೆ ಬಿಡಲಿಲ್ಲ. ಅದನ್ನು ಕೇಳಿಕೊಂಡು, ಅಲ್ಲೇ ಕುದುರೆಯಿಂದ ಇಳಿದು, ನಿಮಗೆ ತಲೆಬಾಗಿ ಹೋಗುತ್ತೇನೆ. ಮತ್ತೆ ಹತ್ತುವುದಿಲ್ಲ.

ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ. ನಿಮ್ಮ ಕಣ್ಣು ಇದನ್ನು ಕೊನೆಯವರೆಗೂ ಓದಲಿ.

ಗೇಟಿನ ಹೊರಗೆ ಕಾದಿರುವ,
ಲುವೆನಿಯಾ